ಯುದ್ಧಕಾಲದ ವಿಮಾನಗಳ ಸ್ಕೇಲ್ ಮಾದರಿ ಕಟ್ಟುವುದು, ಬಣ್ಣ ಹಚ್ಚುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧಕಾಲದ ವಿಮಾನಗಳ ಪುಟ್ಟ ಮಾದರಿ ಕಟ್ಟಲು ಕೂತವರು ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ನಾನೂ ಕೇಳಿದ್ದೆ. ಉತ್ತರಗಳ ಹಿಂದೆ ಒಂದೇ ನಂಬಿಕೆ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ: ಕಟ್ಟಬೇಕಾದದ್ದು ಯಾವುದೋ ಒಂದು ಸ್ಪಿಟ್‌ಫೈರ್ (ಬ್ರಿಟನ್ನಿನ ಫೈಟರ್ ವಿಮಾನ) ಅಲ್ಲ, ಇಂಥ ವರ್ಷ, ಇಂಥ ತಿಂಗಳು, ಇಂಥ ಅಕ್ಷರಗಳನ್ನು ಮೈಮೇಲೆ ಬರೆಸಿಕೊಂಡು ನಿಂತಿದ್ದ ಸ್ಪಿಟ್‌ಫೈರ್. ಆ ಒಂದು ವಿಮಾನವನ್ನು ಆರಿಸಿಕೊಂಡು ಅದರ ಫೋಟೊ ಹುಡುಕಿಟ್ಟುಕೊಂಡರೆ, ಕೆಳಗಿನ ಅರ್ಧ ಪ್ರಶ್ನೆಗಳಿಗೆ ಫೋಟೊವೇ ಉತ್ತರ ಹೇಳುತ್ತದೆ.

1/72, 1/48 ಅಂದರೆ ಏನು? ನಾನು ಯಾವುದನ್ನು ಆರಿಸಲಿ?

ನಿಜವಾದ ಅಳತೆಯನ್ನು ಎಷ್ಟರಿಂದ ಭಾಗಿಸಿದ್ದಾರೆ ಎಂಬ ಲೆಕ್ಕ. ಸ್ಪಿಟ್‌ಫೈರಿನ ರೆಕ್ಕೆ ತುದಿಯಿಂದ ತುದಿಗೆ 11.23 ಮೀಟರ್. ಅದು 1/72ರಲ್ಲಿ ಸುಮಾರು 15.6 ಸೆಂ.ಮೀ., 1/48ರಲ್ಲಿ 23.4, 1/32ರಲ್ಲಿ 35. ಬಾಂಬರ್‌ಗಳ ವಿಚಾರ ಬೇರೆ. ಲ್ಯಾಂಕಾಸ್ಟರ್ ರೆಕ್ಕೆಯ ಅಗಲ 31.09 ಮೀಟರ್; 1/72ರಲ್ಲೇ 43 ಸೆಂ.ಮೀ. ಆಗುತ್ತದೆ, 1/48ರಲ್ಲಿ 65. ಕಟ್ಟಿ ಮುಗಿಸಿದ ಮೇಲೆ ಎಲ್ಲಿಡುವುದು ಎಂದು ಮೊದಲೇ ಯೋಚಿಸಿ.

ಹೊಸಬರಿಗೆ ನನ್ನ ಸಲಹೆ 1/48ರ ಒಂಟಿ ಎಂಜಿನ್ ಫೈಟರ್. ಭಾಗಗಳು ಚಿಮಟದಿಂದ ಚಿಮ್ಮಿ ಕಳೆದುಹೋಗುವಷ್ಟು ಸಣ್ಣವಲ್ಲ, ಬಣ್ಣ ಹಚ್ಚಲು ಬೇಸರ ಬರುವಷ್ಟು ದೊಡ್ಡ ಮೈಯೂ ಅಲ್ಲ. ನಾಲ್ಕು ಎಂಜಿನ್ ಬಾಂಬರೇ ಬೇಕು, ಬೇರೆ ಬೇರೆ ದೇಶಗಳ ವಿಮಾನಗಳನ್ನು ಒಂದೇ ಕಪಾಟಿನಲ್ಲಿ ಪಕ್ಕಪಕ್ಕ ನಿಲ್ಲಿಸಬೇಕು ಅನ್ನುವವರಿಗೆ 1/72 ಸರಿ.

72 ಎಂಬ ಸಂಖ್ಯೆ ಎಲ್ಲಿಂದ ಬಂತು?

ಅಡಿ-ಅಂಗುಲದಿಂದ. ಆರು ಅಡಿಯಲ್ಲಿ 72 ಅಂಗುಲ. ಹಾಗಾಗಿ ಆರಡಿ ಆಳು ಒಂದು ಅಂಗುಲ ಎತ್ತರವಾಗುತ್ತಾನೆ. 1/48ರಲ್ಲಿ ಒಂದು ಅಡಿಗೆ ಕಾಲು ಅಂಗುಲ. 1936ರಲ್ಲಿ ಬ್ರಿಟನ್ನಿನ ಫ್ರಾಗ್ ಕಂಪನಿ 'ಪೆಂಗ್ವಿನ್' ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಾಗಲೂ ಅಳತೆ 1/72. ಯುದ್ಧ ಬಂದಾಗ ಆಟಕ್ಕಿದ್ದದ್ದು ಪಾಠಕ್ಕೆ ಬಂತು. ಆಕಾಶದಲ್ಲಿ ಕಾಣುವ ಆಕಾರ ನಮ್ಮವರದೋ ಶತ್ರುವಿನದೋ ಎಂದು ಕ್ಷಣದಲ್ಲಿ ಗುರುತಿಸಲು ಸೈನಿಕರಿಗೆ ಕಲಿಸಬೇಕಿತ್ತು. ಅದಕ್ಕಾಗಿ 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ವಿದ್ಯಾರ್ಥಿಗಳಿಂದ 5 ಲಕ್ಷ ಮಾದರಿಗಳನ್ನು ಕೇಳಿತು. ಮಕ್ಕಳು ಮರ ಕೆತ್ತಿ, ಉಜ್ಜಿ, ಕಪ್ಪು ಬಳಿದು ಕೊಟ್ಟರು. ಅವೂ 1/72.

ಮೊದಲ ಕಿಟ್ ಯಾವ ವಿಮಾನದ್ದಾಗಿರಲಿ?

ನಿಮಗೆ ಇಷ್ಟವಾದದ್ದು, ಎರಡು ಷರತ್ತಿನ ಮೇಲೆ. ರೆಕ್ಕೆ ಒಂದೇ ಜೋಡಿ ಇರಲಿ. ಮೈಬಣ್ಣ ಬರಿ ಲೋಹದ್ದಾಗಿರದಿರಲಿ. ಈ ಲೆಕ್ಕದಲ್ಲಿ ಸ್ಪಿಟ್‌ಫೈರ್, ಹರಿಕೇನ್, ಬಿಎಫ್ 109, ಝೀರೊ, ಹೆಲ್‌ಕ್ಯಾಟ್ ಎಲ್ಲವೂ ಒಳ್ಳೆಯವೇ. ಹಳೆಯ ಅಚ್ಚಿನ ಕಿಟ್‌ಗಳಲ್ಲಿ ಪ್ಯಾನೆಲ್ ಗೆರೆಗಳು (ಮೈಯ ತಗಡುಗಳು ಕೂಡುವ ಗೆರೆಗಳು) ಉಬ್ಬಿರುತ್ತವೆ. ಸಂದು ಉಜ್ಜುವಾಗ ಅವೂ ಅಳಿಸಿಹೋಗುತ್ತವೆ. ಕೊರೆದ ಗೆರೆಗಳಿರುವ ಹೊಸ ಅಚ್ಚನ್ನೇ ಹುಡುಕಿ.

ಏನೇನು ಸಲಕರಣೆ ಬೇಕೇಬೇಕು?

ಸ್ಪ್ರೂನಿಂದ (ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ) ಭಾಗ ಕತ್ತರಿಸಲು ಒಂದು ಒಳ್ಳೆಯ ಕಟರ್, ಬ್ಲೇಡು ಬದಲಿಸಬಹುದಾದ ಚೂಪು ಚಾಕು, ಚಿಮಟ, ನೀರಿನಲ್ಲಿ ಉಜ್ಜುವ, 400ರಿಂದ 2000 ಸಂಖ್ಯೆಯವರೆಗಿನ ಉಪ್ಪುಕಾಗದ (ಸಂಖ್ಯೆ ಹೆಚ್ಚಾದಷ್ಟೂ ನುಣುಪು), ತೆಳು ಅಂಟು, ಪುಟ್ಟಿ, ಮಾಸ್ಕಿಂಗ್ ಟೇಪ್, ಮೂರು ಬ್ರಷ್. ಕಟ್ಟುವ ಕೆಲಸಕ್ಕೆ ಇಷ್ಟು ಸಾಕು.

ಭಾಗ ಕತ್ತರಿಸುವಾಗ ಒಂದೇ ಏಟಿಗೆ ಅಂಚಿಗೆ ಹೋಗಬೇಡಿ. ಸ್ವಲ್ಪ ದೂರ ಬಿಟ್ಟು ಕತ್ತರಿಸಿ, ಉಳಿದ ಮೊಳೆಯನ್ನು ಚಾಕುವಿನಿಂದ ಸವರಿ, ಆಮೇಲೆ ಉಜ್ಜಿ. ಅವಸರ ಮಾಡಿದರೆ ಅಲ್ಲಿ ಪ್ಲಾಸ್ಟಿಕ್ ಬಿಳಿಚಿಕೊಂಡು ಒಂದು ಗುಂಡಿ ಬೀಳುತ್ತದೆ.

ಭಾಗಗಳನ್ನು ತೊಳೆಯಲೇಬೇಕೇ?

ತೊಳೆಯಿರಿ. ಅಚ್ಚಿನಿಂದ ಸುಲಭವಾಗಿ ಬಿಡಿಸಲು ಬಳಸಿದ ಜಿಡ್ಡು ಮೈಮೇಲೆ ಉಳಿದಿರಬಹುದು. ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್. ನೀರು ಬಿಸಿಯಾಗಿದ್ದರೆ ತೆಳು ಭಾಗಗಳು ಸೊಟ್ಟಗಾಗುತ್ತವೆ.

ಯಾವ ಅಂಟು ಎಲ್ಲಿಗೆ?

ಕಿಟ್‌ಗಳ ಪ್ಲಾಸ್ಟಿಕ್ ಪಾಲಿಸ್ಟೈರೀನ್. ಅದಕ್ಕೆಂದೇ ಇರುವ ತೆಳು ಸಿಮೆಂಟ್ ನಿಜಕ್ಕೂ ಅಂಟಿಸುವುದಿಲ್ಲ, ಎರಡೂ ಬದಿಯನ್ನು ಕರಗಿಸಿ ಒಂದು ಮಾಡುತ್ತದೆ. ಹೀಗೆ ಮಾಡಿ: ಒಡಲಿನ ಎರಡು ಅರ್ಧಗಳನ್ನು ಅಂಟು ಹಚ್ಚದೆಯೇ ಜೋಡಿಸಿ ಹಿಡಿಯಿರಿ, ಬ್ರಷ್ಷಿನ ತುದಿಯನ್ನು ಸಂದಿಗೆ ಮುಟ್ಟಿಸಿ. ಅಂಟು ತಾನೇ ಸಂದಿಯುದ್ದಕ್ಕೂ ಹರಿಯುತ್ತದೆ. ಕೆಲವು ಸೆಕೆಂಡು ಬಿಟ್ಟು ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಹೊರಗುಕ್ಕುತ್ತದೆ. ಅದೇ ನಿಮ್ಮ ಪುಟ್ಟಿ. ಒಂದು ದಿನ ಒಣಗಲು ಬಿಟ್ಟು ಉಜ್ಜಿದರೆ ಸಂದು ಮಾಯ.

ರೆಸಿನ್, ಲೋಹದ ಭಾಗಗಳಿಗೆ ಸಿಮೆಂಟ್ ಹಿಡಿಯದು. ಅಲ್ಲಿ ಸೂಪರ್ ಗ್ಲೂ ಬೇಕು. ಗಾಜಿನಂಥ ಭಾಗಗಳಿಗೆ ಮಾತ್ರ ಇವೆರಡನ್ನೂ ತರಬೇಡಿ. ಸೂಪರ್ ಗ್ಲೂವಿನ ಹಬೆ ಕ್ಯಾನೊಪಿಯ (ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳದ) ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. ಮೂರು ವಾರ ದುಡಿದ ಮಾದರಿಯೊಂದರ ಕ್ಯಾನೊಪಿಯನ್ನು ನಾನು ಹೀಗೆ ಕೊನೆಯ ಗಳಿಗೆಯಲ್ಲಿ ಕೆಡಿಸಿಕೊಂಡೆ. ಮರಕ್ಕೆ ಬಳಸುವ ಬಿಳಿ ಅಂಟು ಸಾಕು. ಒಣಗಿದರೆ ಪಾರದರ್ಶಕ, ತಪ್ಪಿದರೆ ನೀರಿನಿಂದ ಒರೆಸಬಹುದು.

ಸಂದು ಉಳಿದಿದೆಯೇ ಎಂದು ತಿಳಿಯುವುದು ಹೇಗೆ?

ಕಣ್ಣಿಗಿಂತ ಬೆರಳಿನುಗುರು ಚೆನ್ನಾಗಿ ಹೇಳುತ್ತದೆ. ಉಗುರು ತಡೆದರೆ ಸಂದು ಇದೆ. ಬೂದು ಪ್ರೈಮರ್ (ಬಣ್ಣಕ್ಕೆ ಮೊದಲು ಹಚ್ಚುವ ಅಡಿಪದರ) ಹೊಡೆದ ಮೇಲೆ ಉಳಿದದ್ದೆಲ್ಲ ಕಣ್ಣಿಗೂ ಬೀಳುತ್ತದೆ. ಆದರೆ ಒಡಲಿನ ಬೆನ್ನಿನ ಮೇಲೆ ಕಾಣುವ ಪ್ರತಿ ಗೆರೆಯೂ ನಿಮ್ಮ ತಪ್ಪಲ್ಲ. ಕೆಲವು ವಿಮಾನಗಳಲ್ಲಿ ಅಲ್ಲಿ ನಿಜವಾಗಿಯೂ ತಗಡಿನ ಜೋಡಣೆ ಇತ್ತು. ಫೋಟೊ ನೋಡದೆ ಉಜ್ಜಬೇಡಿ.

ಕಾಕ್‌ಪಿಟ್‌ಗೆ ಎಷ್ಟು ಸಮಯ ಕೊಡಬೇಕು?

ಮುಚ್ಚಿದ ಕ್ಯಾನೊಪಿಯಾದರೆ ಸೀಟು, ಬೆಲ್ಟು, ಡಯಲ್ ಫಲಕ ಇಷ್ಟಕ್ಕೆ ನಿಗಾ ಕೊಡಿ, ಸಾಕು. ಒಳಬಣ್ಣ ದೇಶಕ್ಕೊಂದು. ಬ್ರಿಟಿಷರದು ಬೂದು ಮಿಶ್ರಿತ ಹಸಿರು. ಜರ್ಮನ್ನರದು ಮೊದಲು ಆರ್‌ಎಲ್‌ಎಂ 02 (ಆರ್‌ಎಲ್‌ಎಂ ಅಂದರೆ ಜರ್ಮನ್ ವಾಯುಯಾನ ಸಚಿವಾಲಯ, ಸಂಖ್ಯೆ ಅದರ ಬಣ್ಣದ ಪಟ್ಟಿಯದು) ಎಂಬ ಹಸಿರುಬೂದು, ಆಮೇಲೆ ಆರ್‌ಎಲ್‌ಎಂ 66 ಎಂಬ ಕಡುಬೂದು. ಒಳಗೆ ಬೆಳಕು ಕಡಿಮೆ, ಹಾಗಾಗಿ ನಿಜ ಬಣ್ಣಕ್ಕಿಂತ ಒಂದು ಛಾಯೆ ತಿಳಿಯಾಗಿ ಹಚ್ಚಿ. ಉಬ್ಬಿದ ಅಂಚುಗಳ ಮೇಲೆ ಹೆಚ್ಚುಕಡಿಮೆ ಒಣಗಿದ ಬ್ರಷ್ಷಿನಿಂದ ತಿಳಿಬಣ್ಣ ಸವರಿದರೆ ಗುಂಡಿ-ಸ್ವಿಚ್ಚುಗಳು ಎದ್ದು ಬರುತ್ತವೆ.

ಮುಗಿದ ಮೇಲೆ ನನ್ನ ವಿಮಾನ ಬಾಲದ ಮೇಲೆ ಕೂತುಬಿಟ್ಟಿತು. ಏನು ಮಾಡಲಿ?

ಮೂಗಿನ ಕೆಳಗೆ ಗಾಲಿ ಇರುವ ವಿಮಾನಗಳ ಕತೆಯೇ ಇದು: ಪಿ-38 ಲೈಟ್ನಿಂಗ್, ಪಿ-39 ಐರಾಕೋಬ್ರಾ, ಬಿ-24, ಬಿ-25, ಮೆಸರ್‌ಶ್ಮಿಟ್ 262. ಒಡಲು ಮುಚ್ಚುವ ಮೊದಲೇ ಮೂಗಿನೊಳಗೆ ಭಾರ ತುಂಬಬೇಕು. ಟೇಪ್ ಸುತ್ತಿ ಇಡೀ ವಿಮಾನ ಜೋಡಿಸಿ, ಮುಖ್ಯ ಗಾಲಿಗಳು ಬರುವ ಜಾಗದಲ್ಲಿ ಬೆರಳಿಟ್ಟು ತೂಗಿ ನೋಡಿ. ಮೂಗು ಸ್ಪಷ್ಟವಾಗಿ ಬಾಗುವವರೆಗೆ ಹಾಕಿ, ಮೇಲೆ ಇನ್ನೂ ಸ್ವಲ್ಪ ಹಾಕಿ. ಬಣ್ಣ, ಬಾಲದ ಸಣ್ಣ ಭಾಗಗಳ ತೂಕ ಆಮೇಲೆ ಸೇರುತ್ತದೆ. ಸೀಸಕ್ಕಿಂತ ಉಕ್ಕಿನ ಗುಂಡುಗಳು ಒಳ್ಳೆಯವು.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದೆ ಆಗುವುದಿಲ್ಲವೇ?

ಆಗುತ್ತದೆ. ಕೈಬ್ರಷ್ಷಿನಲ್ಲಿ ಸೊಗಸಾಗಿ ಬಳಿಯುವವರು ಇದ್ದಾರೆ. ಅವರ ಗುಟ್ಟು ಒಂದೇ: ದಪ್ಪಗೆ ಒಂದು ಸಲ ಬಳಿಯದೆ, ತೆಳ್ಳಗೆ ಮೂರು-ನಾಲ್ಕು ಸಲ ಬಳಿಯುವುದು. ಮೊದಲ ಸಲ ಕಲೆಕಲೆಯಾಗಿ ಕಂಡರೂ ಎದೆಗುಂದಬೇಡಿ, ಪೂರ್ತಿ ಒಣಗಲು ಬಿಡಿ. ಅಗಲವಾದ, ಮೆತ್ತನೆಯ ಬ್ರಷ್ ಹಿಡಿದು ಒಂದೊಂದು ಪದರಕ್ಕೂ ದಿಕ್ಕು ಬದಲಿಸಿ.

ಹಾಗಿದ್ದೂ ಜರ್ಮನ್ ಫೈಟರ್‌ಗಳ ಪಕ್ಕೆಯ ಮೇಲಿನ ಮೋಡದಂಥ ಚುಕ್ಕೆಗಳನ್ನು ಬ್ರಷ್ಷಿನಿಂದ ತರುವುದು ಕಷ್ಟ. ಏರ್‌ಬ್ರಷ್ ಕೊಳ್ಳುವುದಾದರೆ 0.3 ಮಿ.ಮೀ. ನಾಜಲ್‌ನದು ಎಲ್ಲ ಕೆಲಸಕ್ಕೂ ಒದಗುತ್ತದೆ. ಸಾಮಾನ್ಯ ಕೆಲಸಕ್ಕೆ 15ರಿಂದ 20 ಪಿಎಸ್‌ಐ ಒತ್ತಡ. ಚುಕ್ಕೆಗಳಿಗೆ ಇನ್ನೂ ಕಡಿಮೆ, ಬಣ್ಣ ಇನ್ನೂ ತೆಳು, ನಾಜಲ್ ಮೈಗೆ ಇನ್ನೂ ಹತ್ತಿರ.

ಬಣ್ಣದ ಹದ ಹೇಗೆ ಗೊತ್ತಾಗುತ್ತದೆ?

ಹಾಲಿನ ಹದ. ಬಟ್ಟಲಿನ ಗೋಡೆಗೆ ಹತ್ತಿಸಿದರೆ ಹಾಲಿನಂತೆ ತೆಳು ಪೊರೆ ಬಿಟ್ಟು ಜಾರಬೇಕು. ನೀರಿನಂತೆ ಓಡಿದರೆ ಮೈಮೇಲೆ ಜೇಡರಬಲೆಯ ಹಾಗೆ ಹರಡುತ್ತದೆ. ಮೊಸರಿನಂತೆ ನಿಂತರೆ ನಾಜಲ್ ಕಟ್ಟಿಕೊಳ್ಳುತ್ತದೆ. ಮೇಲ್ಮೈ ಮರಳುಮರಳಾಗಿದ್ದರೆ ಬಣ್ಣ ಗಾಳಿಯಲ್ಲೇ ಒಣಗಿ ಬೀಳುತ್ತಿದೆ ಎಂದರ್ಥ: ಹತ್ತಿರ ಬನ್ನಿ, ಇಲ್ಲವೇ ಒತ್ತಡ ಇಳಿಸಿ.

ಇಲ್ಲಿ ಒಂದು ಲೆಕ್ಕ ನನ್ನ ಕೈಯನ್ನು ಸದಾ ಹಗುರವಾಗಿಡುತ್ತದೆ. 1/72ರ ಮಾದರಿಯ ಮೇಲೆ ಪದರಗಳೆಲ್ಲ ಸೇರಿ 0.1 ಮಿ.ಮೀ. ದಪ್ಪವಾದರೆ, ನಿಜವಾದ ವಿಮಾನದ ಮೇಲೆ 7.2 ಮಿ.ಮೀ. ದಪ್ಪ ಬಣ್ಣ ಮೆತ್ತಿದಂತೆ.

ಅಕ್ರಿಲಿಕ್, ಎನಾಮೆಲ್, ಲ್ಯಾಕರ್: ಯಾವುದರ ಮೇಲೆ ಯಾವುದು?

ಲ್ಯಾಕರ್ ತೀಕ್ಷ್ಣ, ಬೇಗ ಒಣಗಿ ಗಟ್ಟಿಯಾಗಿ ಹಿಡಿಯುತ್ತದೆ. ಎನಾಮೆಲ್ ನಿಧಾನ, ಬ್ರಷ್ಷಿಗೆ ಒಳ್ಳೆಯದು. ನೀರಿನ ಅಕ್ರಿಲಿಕ್‌ಗೆ ವಾಸನೆ ಕಡಿಮೆ, ಆದರೆ ಹಿಡಿತವೂ ಕಡಿಮೆ; ಕೆಳಗೆ ಪ್ರೈಮರ್ ಬೇಕು. ಮೇಲಿನ ಪದರದ ತಿನ್ನರ್ ಕೆಳಗಿನ ಪದರವನ್ನು ಕರಗಿಸಬಾರದು, ಇಷ್ಟನ್ನು ನೆನಪಿಡಿ. ಅಕ್ರಿಲಿಕ್ ಮೈಮೇಲೆ ಎನಾಮೆಲ್ ಅಥವಾ ತೈಲವರ್ಣದ ವಾಶ್ (ಗೆರೆಗಳೊಳಗೆ ಇಳಿಯುವ ನೀರಾದ ಬಣ್ಣ) ನಿಶ್ಚಿಂತೆಯಿಂದ ಹರಿಸಬಹುದು. ಎನಾಮೆಲ್ ಮೇಲೆ ಲ್ಯಾಕರ್ ಹೊಡೆದರೆ ಅಡಿಯ ಬಣ್ಣ ಸುಕ್ಕುಗಟ್ಟುತ್ತದೆ.

ಫೋಟೊಗಳೆಲ್ಲ ಕಪ್ಪು-ಬಿಳುಪು. ನಿಜವಾದ ಬಣ್ಣ ತಿಳಿಯುವುದು ಹೇಗೆ?

ಈ ಹವ್ಯಾಸದಲ್ಲಿ ನನಗೆ ಅತಿ ಪ್ರೀತಿಯ ಕೆಲಸ ಇದು. ಕಪ್ಪು-ಬಿಳುಪು ಫಿಲ್ಮು ಸುಳ್ಳು ಹೇಳುವುದಿಲ್ಲ, ಬೇರೆ ಭಾಷೆಯಲ್ಲಿ ಹೇಳುತ್ತದೆ. ಆ ಕಾಲದಲ್ಲಿ ಎರಡು ಬಗೆಯ ಫಿಲ್ಮು ಬಳಕೆಯಲ್ಲಿತ್ತು. ಆರ್ಥೊಕ್ರೋಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುವುದೇ ಇಲ್ಲ. ಅದರಲ್ಲಿ ಕೆಂಪು ಕಪ್ಪಾಗಿ, ಹಳದಿ ಗಾಢವಾಗಿ, ನೀಲಿ ತಿಳಿಯಾಗಿ ಬೀಳುತ್ತದೆ. ಪ್ಯಾನ್‌ಕ್ರೋಮ್ಯಾಟಿಕ್ ಫಿಲ್ಮು ಎಲ್ಲ ಬಣ್ಣಗಳನ್ನೂ ಹಿಡಿಯುತ್ತದೆ. ಅದರಲ್ಲಿ ಹಳದಿ ತಿಳಿಯಾಗಿಯೇ ಬರುತ್ತದೆ. ಒಂದೇ ವಿಮಾನವನ್ನು ಎರಡು ಕ್ಯಾಮೆರಾ ತೆಗೆದರೆ ಎರಡು ವಿಮಾನಗಳಂತೆ ಕಾಣಬಹುದು.

ಹಾಗಾದರೆ ದಾರಿ ಏನು? ಫೋಟೊದಲ್ಲಿ ನಿಮಗೆ ಖಚಿತವಾಗಿ ಗೊತ್ತಿರುವ ಬಣ್ಣ ಯಾವುದಿದೆ ನೋಡಿ. ಬ್ರಿಟಿಷ್ ವಿಮಾನವಾದರೆ ಪಕ್ಕೆಯ ಮೇಲಿನ ವೃತ್ತಲಾಂಛನವೇ ಕೀಲಿಕೈ: ನಡುವೆ ಕೆಂಪು, ಆಮೇಲೆ ಬಿಳಿ, ಆಮೇಲೆ ನೀಲಿ, 1940ರಿಂದ ಹೊರಗೆ ಹಳದಿ ಬಳೆ. ಹಳದಿ ಬಳೆ ನೀಲಿಗಿಂತ ಕಪ್ಪಾಗಿದ್ದರೆ ಅದು ಆರ್ಥೊ ಫಿಲ್ಮು. ಈಗ ಅದೇ ಫೋಟೊದ ಪ್ರೊಪೆಲರ್ ಮೂತಿಯನ್ನು ನೋಡಿ. ಕಪ್ಪಾಗಿ ಕಾಣುತ್ತಿರುವುದು ಕಪ್ಪೇ ಆಗಬೇಕಿಲ್ಲ, ಕೆಂಪೂ ಆಗಿರಬಹುದು. ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗಬೇಕು.

ದಿನಾಂಕವೂ ಅಷ್ಟೇ ದೊಡ್ಡ ಸಾಕ್ಷಿ. ಬಣ್ಣಗಳು ಆಜ್ಞೆಯ ಮೇಲೆ ಬದಲಾಗುತ್ತಿದ್ದವು. ಬ್ರಿಟಿಷ್ ಫೈಟರ್‌ಗಳ ಅಡಿಭಾಗ 1940ರ ಜೂನ್‌ಗೆ ಮೊದಲು ಅರ್ಧ ಕಪ್ಪು, ಅರ್ಧ ಬಿಳಿ; ಆಮೇಲೆ 'ಸ್ಕೈ' ಎಂಬ ನಸುಹಸಿರು. 1941ರ ಆಗಸ್ಟ್‌ನಿಂದ ಬೆನ್ನಿನ ಮೇಲಿನ ಮಣ್ಣುಕಂದು ಹೋಗಿ ಬೂದು ಬಂತು, ಅಡಿಯೂ ಬೂದಾಯಿತು. ಸಮುದ್ರದ ಮೇಲಿನ ಹಾರಾಟ ಹೆಚ್ಚಿದ್ದೇ ಇದಕ್ಕೆ ಕಾರಣ. ಅಮೆರಿಕದ ನಕ್ಷತ್ರದ ನಡುವಿನ ಕೆಂಪು ಬೊಟ್ಟು 1942ರ ಮೇ ತಿಂಗಳಲ್ಲಿ ಹೋಯಿತು, ಜಪಾನಿನ ಕೆಂಪು ಸೂರ್ಯನೆಂದು ತಪ್ಪು ತಿಳಿದು ತಮ್ಮವರೇ ಗುಂಡು ಹಾರಿಸಬಾರದೆಂದು. ಅದೇ ಕಾರಣಕ್ಕೆ ಬರ್ಮಾ ರಣರಂಗದ ಬ್ರಿಟಿಷ್ ಮತ್ತು ಭಾರತೀಯ ವಾಯುಪಡೆಗಳ ವಿಮಾನಗಳೂ ತಮ್ಮ ಲಾಂಛನದ ಕೆಂಪನ್ನು ಅಳಿಸಿ, ಎರಡು ನೀಲಿಗಳಿಗೆ ಬಂದವು. ಹಾಗಾಗಿ ಫೋಟೊದ ತಿಂಗಳು ಗೊತ್ತಾದರೆ ಬಣ್ಣದ ಡಬ್ಬಿಯನ್ನು ಅರ್ಧ ಆರಿಸಿದಂತೆಯೇ.

ಡಬ್ಬಿಯ ಮೇಲೆ ಸರಿಯಾದ ಹೆಸರಿದೆ, ಆದರೂ ಮಾದರಿ ಕಪ್ಪಗೆ ಕಾಣುತ್ತದೆ. ಯಾಕೆ?

ದೂರದ ಬೆಟ್ಟ ಹತ್ತಿರದ ಬೆಟ್ಟಕ್ಕಿಂತ ಮಸುಕು. 1/72ರ ಮಾದರಿಯನ್ನು ಒಂದು ಅಡಿ ದೂರದಿಂದ ನೋಡುವುದು ನಿಜವಾದ ವಿಮಾನವನ್ನು 72 ಅಡಿ ದೂರದಿಂದ ನೋಡಿದಂತೆ. ಅದಕ್ಕೇ ಹಲವರು ಬಣ್ಣಕ್ಕೆ ತುಸು ಬಿಳಿ ಅಥವಾ ತಿಳಿಬೂದು ಬೆರೆಸುತ್ತಾರೆ. ಅಳತೆ ಸಣ್ಣದಾದಷ್ಟೂ ಬೆರಕೆ ಹೆಚ್ಚು. ಎಷ್ಟು ಎಂಬುದಕ್ಕೆ ಸೂತ್ರ ಹಿಡಿದು ಕೂರುವುದು ನನಗೆ ಒಪ್ಪಿಗೆಯಿಲ್ಲ. ಬೇಡದ ಪ್ಲಾಸ್ಟಿಕ್ ತುಂಡಿನ ಮೇಲೆ ಹಚ್ಚಿ, ಹಗಲು ಬೆಳಕಿನಲ್ಲಿ ನೋಡಿ ತೀರ್ಮಾನಿಸಿ.

ಮರೆಬಣ್ಣದ (ಕ್ಯಾಮೊಫ್ಲಾಜ್) ಪಟ್ಟೆಗಳ ಅಂಚು ಚೂಪಾಗಿರಬೇಕೇ, ಮಸುಕಾಗಿರಬೇಕೇ?

ಸ್ಪಿಟ್‌ಫೈರಿನ ಮೇಲೆ ಎರಡು ಬಣ್ಣ ಕೂಡುವಲ್ಲಿ ಮಸುಕು ಇದ್ದರೂ ಅದು ಬೆರಳಗಲದ ಲೆಕ್ಕ. ಭಾಗಿಸಿ ನೋಡಿದರೆ ಮಾದರಿಯಲ್ಲಿ ಕಾಣುವುದೇ ಇಲ್ಲ. ಟೇಪ್ ಹಚ್ಚಿ ಚೂಪಾಗಿಯೇ ಬಿಡಿ. ಜರ್ಮನ್ ಫೈಟರ್‌ಗಳ ಪಕ್ಕೆಯ ಚುಕ್ಕೆಗಳು ಮಾತ್ರ ನಿಜಕ್ಕೂ ಸಿಂಪಡಿಸಿದವು, ಅವು ಮಸುಕಾಗಿರಬೇಕು. ಯಾವಾಗಲೂ ತಿಳಿಬಣ್ಣ ಮೊದಲು, ಗಾಢ ಆಮೇಲೆ. ಹಳದಿಯ ಅಡಿಗೆ ಬಿಳಿ ಹಾಕಿ, ಇಲ್ಲದಿದ್ದರೆ ಎಷ್ಟು ಬಳಿದರೂ ಹಸಿರುಗೊಜ್ಜಾಗಿಯೇ ಉಳಿಯುತ್ತದೆ.

ನಾರ್ಮಂಡಿ ದಾಳಿಯ ಕಪ್ಪು-ಬಿಳಿ ಪಟ್ಟೆಗಳ ಅಳತೆ ಏನು?

ಐದು ಪಟ್ಟೆ: ಬಿಳಿ, ಕಪ್ಪು, ಬಿಳಿ, ಕಪ್ಪು, ಬಿಳಿ. ಒಂಟಿ ಎಂಜಿನ್ ವಿಮಾನಕ್ಕೆ ಒಂದೊಂದೂ 18 ಅಂಗುಲ, ಅವಳಿ ಎಂಜಿನ್ನಿನದಕ್ಕೆ 24 ಅಂಗುಲ. ಹಾಗಾಗಿ 1/72ರ ಫೈಟರ್‌ಗೆ 6.35 ಮಿ.ಮೀ., 1/48ಕ್ಕೆ 9.5 ಮಿ.ಮೀ. ಇಡೀ ಜಾಗಕ್ಕೆ ಬಿಳಿ ಬಳಿದು, ಬಿಳಿ ಉಳಿಯಬೇಕಾದಲ್ಲಿ ಟೇಪ್ ಹಚ್ಚಿ ಕಪ್ಪು ಹೊಡೆಯಿರಿ.

ಆದರೆ 1944ರ ಜೂನ್ 6ರ ಬೆಳಗಿನ ವಿಮಾನ ಕಟ್ಟುತ್ತಿದ್ದರೆ ಪಟ್ಟೆಗಳು ಅಷ್ಟು ನೇರವಾಗಿರುವುದು ಬೇಡ. ಗುಟ್ಟು ಹೊರಬೀಳದಂತೆ ಆಜ್ಞೆ ಕೊನೆಯ ಗಳಿಗೆಯಲ್ಲಿ ಬಂತು. ನೆಲದ ಸಿಬ್ಬಂದಿ ಕೈಗೆ ಸಿಕ್ಕ ಬ್ರಷ್ ಹಿಡಿದು ಹೆಚ್ಚುಕಡಿಮೆ ಒಂದೆರಡು ದಿನದಲ್ಲಿ ಸಾವಿರಾರು ವಿಮಾನಗಳಿಗೆ ಬಳಿದರು. ಕೆಲವು ಫೋಟೊಗಳಲ್ಲಿ ಅಂಚು ಅಲೆಅಲೆಯಾಗಿದೆ, ಬ್ರಷ್ಷಿನ ಗೆರೆ ಕಾಣುತ್ತದೆ. ಅದನ್ನು ಹಾಗೆಯೇ ಬಳಿಯುವುದು ಆ ರಾತ್ರಿ ನಿದ್ದೆಗೆಟ್ಟವರಿಗೆ ಸಲ್ಲುವ ಮರ್ಯಾದೆ ಅಂತ ನನ್ನ ಭಾವನೆ. ಮುಂದಿನ ತಿಂಗಳುಗಳಲ್ಲಿ ರೆಕ್ಕೆಯ ಮೇಲ್ಭಾಗದ ಪಟ್ಟೆಗಳನ್ನು ಅಳಿಸಿದರು, ಅಡಿಯವು ಉಳಿದವು.

ಬರಿ ಲೋಹದ ಮೈ ತರುವುದು ಹೇಗೆ?

ಲೋಹದ ಬಣ್ಣ ಯಾವ ಗೀರನ್ನೂ ಮುಚ್ಚಿಡುವುದಿಲ್ಲ. 2000ದ ಕಾಗದದವರೆಗೆ ಉಜ್ಜಿ, ಹೊಳೆಯುವ ಕಪ್ಪನ್ನು ಅಡಿಗೆ ಹೊಡೆದು, ಎರಡು ದಿನ ಬಿಟ್ಟು, ಅದರ ಮೇಲೆ ತೆಳ್ಳಗೆ ಅಲ್ಯುಮಿನಿಯಂ ಬಣ್ಣ. ಕೆಲವು ಪ್ಯಾನೆಲ್‌ಗಳಿಗೆ ತುಸು ಕಪ್ಪು ಛಾಯೆ ಕೊಟ್ಟರೆ ತಗಡುಗಳು ಬೇರೆಬೇರೆಯಾಗಿ ಕಾಣುತ್ತವೆ.

ಪಿ-51 ಮಸ್ಟಾಂಗ್ ಕಟ್ಟುವವರು ಒಂದು ವಿಷಯ ಗಮನಿಸಿ. ಅದರ ಒಡಲು ಬರಿ ಲೋಹ, ಆದರೆ ರೆಕ್ಕೆ ಹಾಗಲ್ಲ. ಗಾಳಿ ನುಣುಪಾಗಿ ಹರಿಯಲೆಂದು ಕಾರ್ಖಾನೆಯಲ್ಲೇ ರೆಕ್ಕೆಯ ಸಂದು, ರಿವೆಟ್‌ಗಳಿಗೆ ಪುಟ್ಟಿ ತುಂಬಿ, ಉಜ್ಜಿ, ಬೆಳ್ಳಿ ಬಣ್ಣ ಬಳಿಯುತ್ತಿದ್ದರು. ಹಾಗಾಗಿ ರೆಕ್ಕೆಯ ಮುಂಭಾಗದ ಗೆರೆಗಳನ್ನು ನಾವೂ ಪುಟ್ಟಿಯಿಂದ ಮುಚ್ಚಿ, ಹೊಳಪಿಲ್ಲದ ಬೆಳ್ಳಿ ಹಚ್ಚಬೇಕು. ಒಡಲಿನ ಹೊಳಪು, ರೆಕ್ಕೆಯ ಮಂಕು ಪಕ್ಕಪಕ್ಕ ಬಂದಾಗ ಮಸ್ಟಾಂಗ್ ಮಸ್ಟಾಂಗಿನಂತೆ ಕಾಣುತ್ತದೆ.

ಡೆಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಲಾಂಛನ-ಅಕ್ಷರಗಳ ಪೊರೆ) ಸುತ್ತ ಬೆಳ್ಳಗೆ ಮಿನುಗುತ್ತದೆ. ತಪ್ಪೆಲ್ಲಿ?

ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲೆ ನೇರ ಅಂಟಿಸಿದ್ದೀರಿ. ಮ್ಯಾಟ್ ಅಂದರೆ ಸೂಕ್ಷ್ಮವಾದ ಉಬ್ಬುತಗ್ಗು. ಡೆಕಲ್ ಕೆಳಗೆ ಗಾಳಿ ಸಿಕ್ಕಿಕೊಂಡು ಮಿನುಗುತ್ತದೆ. ಮೊದಲು ಮೆರುಗು ವಾರ್ನಿಶ್, ಅದರ ಮೇಲೆ ಡೆಕಲ್, ಅದನ್ನು ಮೆತ್ತಗೆ ಮಾಡುವ ದ್ರಾವಣ, ಒಣಗಿದ ಮೇಲೆ ಮತ್ತೆ ಮೆರುಗು, ಕೊನೆಗೆ ಮ್ಯಾಟ್. ದ್ರಾವಣ ಹಚ್ಚಿದ ಮೇಲೆ ಡೆಕಲ್ ಸುಕ್ಕುಸುಕ್ಕಾಗುತ್ತದೆ. ಹೆದರಿ ಮುಟ್ಟಿದರೆ ಹರಿಯುತ್ತದೆ. ಬಿಟ್ಟುಬಿಡಿ, ತಾನೇ ಗೆರೆಗಳೊಳಗೆ ಇಳಿದು ನೇರವಾಗುತ್ತದೆ. ಈಗಾಗಲೇ ಮಿನುಗುತ್ತಿದ್ದರೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ದ್ರಾವಣ ಬಿಡಿ. ಹಳದಿಗಟ್ಟಿದ ಹಳೆಯ ಡೆಕಲ್ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಗೆ ಕೆಲವು ದಿನ ಅಂಟಿಸಿಟ್ಟರೆ ಬೆಳ್ಳಗಾಗುತ್ತದೆ.

ಪ್ಯಾನೆಲ್ ಗೆರೆಗಳಿಗೆ ಕಪ್ಪು ತುಂಬಬೇಕೇ?

ಕಪ್ಪು ಬೇಡ. ಮೈಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಕಂದು ಅಥವಾ ಬೂದು ಸಾಕು. 0.2 ಮಿ.ಮೀ. ಅಗಲದ ಗೆರೆ 1/72ರಲ್ಲಿ ನಿಜವಾದ 14 ಮಿ.ಮೀ. ಬಿರುಕಿಗೆ ಸಮ, ಅಂಥ ಬಿರುಕಿನ ವಿಮಾನ ಹಾರುವುದಿಲ್ಲ. ತೆರೆದುಮುಚ್ಚುವ ಬಾಗಿಲು, ಎಂಜಿನ್ ಮುಚ್ಚಳ, ಚಲಿಸುವ ಅಂಚುಗಳಿಗೆ ಗಾಢ. ಉಳಿದ ಕಡೆ ಸುಳಿವಷ್ಟೇ.

ಸವೆತ, ಕೊಳೆ, ಮಸಿ ಎಷ್ಟು ಹಾಕಬೇಕು? ಎಲ್ಲಿ?

ಎಷ್ಟು ಎಂದು ಕೇಳುವ ಮೊದಲು ಯಾಕೆ ಎಂದು ಕೇಳಿಕೊಳ್ಳಿ. ಬಣ್ಣ ಏಳುವುದು ಕಾಲು, ಕೈ, ಸ್ಪ್ಯಾನರ್, ಕಲ್ಲು ತಾಗುವ ಕಡೆ. ಪೈಲಟ್ ಹತ್ತುವ ರೆಕ್ಕೆಯ ಬುಡ, ಮೆಕ್ಯಾನಿಕ್ ದಿನಾ ಬಿಚ್ಚುವ ಎಂಜಿನ್ ಮುಚ್ಚಳದ ಅಂಚು, ರೆಕ್ಕೆಯ ಮುಂದಂಚು, ಪ್ರೊಪೆಲರ್ ತುದಿ. ರೆಕ್ಕೆಯ ತುದಿಯ ಬಳಿ ಯಾರೂ ನಡೆಯುತ್ತಿರಲಿಲ್ಲ, ಅಲ್ಲಿ ಚಕ್ಕೆ ಏಳಿಸಬೇಡಿ.

ಅಡಿಯಲ್ಲಿ ಏನಿದೆ ಎಂಬುದು ಇನ್ನೂ ಮುಖ್ಯ. ನಾನೊಮ್ಮೆ ಹರಿಕೇನ್ ಒಂದರ ಹಿಂಬದಿಯ ತುಂಬ ಬೆಳ್ಳಿ ಚಕ್ಕೆಗಳನ್ನು ಶ್ರದ್ಧೆಯಿಂದ ಬಿಡಿಸಿದ್ದೆ. ಆ ವಿಮಾನದ ಹಿಂಭಾಗ ಬಟ್ಟೆ. ಚೌಕಟ್ಟಿನ ಮೇಲೆ ಬಿಗಿದ ಬಟ್ಟೆಗೆ ಲೋಹ ಎಲ್ಲಿಂದ ಬರಬೇಕು? ಪೂರ್ತಿ ಒರೆಸಿ ಮತ್ತೆ ಬಳಿದೆ. ಸ್ಪಿಟ್‌ಫೈರಿನ ರಡ್ಡರ್ (ಬಾಲದ ಚುಕ್ಕಾಣಿ) ಕೂಡ ಬಟ್ಟೆಯೇ. ಮಾಸ್ಕಿಟೊ ವಿಮಾನದ ಮೈ ಪ್ಲೈವುಡ್ ಮತ್ತು ಬಾಲ್ಸಾ ಮರ. ಅದರ ರೆಕ್ಕೆ-ಒಡಲಿನ ಮೇಲೆ ಬೆಳ್ಳಿ ಮಿಂಚಿದರೆ ತಪ್ಪು. ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಕೆಂಗಂದು ಬಣ್ಣ ಎಕ್ಸಾಸ್ಟ್ ಕೊಳವೆಗಳಿಗೆ ಮಾತ್ರ.

ಎಕ್ಸಾಸ್ಟ್ ಹೊಗೆಯ ಕಲೆ ಕಪ್ಪೇ ಆಗಿರಬೇಕಿಲ್ಲ. ಸೀಸ ಬೆರೆತ ಪೆಟ್ರೋಲನ್ನು ಮಿತವಾಗಿ ಉರಿಸುತ್ತ ದೂರ ಹಾರಿಬಂದ ವಿಮಾನದ ಪಕ್ಕೆಯ ಮೇಲೆ ತಿಳಿಬೂದು, ಕಂದು ಕಲೆ ಬೀಳುತ್ತಿತ್ತು. ಇಂಧನ ಹೆಚ್ಚಾದಾಗ ಕಪ್ಪು. ಕಪ್ಪನ್ನು ಅಗಲವಾಗಿ ಹೊಡೆದು ನಡುವೆ ತಿಳಿಬೂದಿನ ಎಳೆ ಎಳೆದರೆ ಎರಡೂ ಸಿಗುತ್ತದೆ. ಗಾಳಿ ಹರಿಯುವ ದಿಕ್ಕಿಗೇ ಎಳೆಯಿರಿ. ಎಂಜಿನ್ ಎಣ್ಣೆ ಹೊಟ್ಟೆಯಡಿ ಹಿಂದಕ್ಕೆ ಹರಿಯುತ್ತದೆ, ಬೆನ್ನಿನ ಮೇಲಲ್ಲ.

ಇನ್ನು ಬಂದೂಕಿನ ಮಸಿ. ಸ್ಪಿಟ್‌ಫೈರ್, ಹರಿಕೇನ್‌ಗಳ ರೆಕ್ಕೆಯ ಬಂದೂಕಿನ ಬಾಯಿಗೆ ಧೂಳು, ತೇವ ಹೋಗದಂತೆ ಬಟ್ಟೆಯ ತುಂಡು ಅಂಟಿಸುತ್ತಿದ್ದರು. ಮೊದಲ ಗುಂಡಿಗೆ ಅದು ಹರಿದುಹೋಗುತ್ತಿತ್ತು. ತುಂಡು ಹಾಗೇ ಇದೆಯೆಂದರೆ ಗುಂಡು ಹಾರಿಸಿಲ್ಲ, ಮಸಿಯೂ ಇಲ್ಲ. ಎರಡನ್ನೂ ಒಟ್ಟಿಗೆ ತೋರಿಸಬೇಡಿ.

ಚಕ್ಕೆ ಹಾಕಲು ಸ್ಪಂಜಿನ ಚೂರು, ಬೆಳ್ಳಿ ಪೆನ್ಸಿಲ್ ಸಾಕು. ಗಾತ್ರದ ಮೇಲೆ ಕಣ್ಣಿರಲಿ: 1/72ರಲ್ಲಿ ಒಂದು ಮಿ.ಮೀ. ಚುಕ್ಕೆ ಅಂದರೆ ನಿಜದಲ್ಲಿ ಏಳು ಸೆಂ.ಮೀ. ಗಾಯ.

ನಿಂತ ವಿಮಾನದ ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನಲ್ಲಿ ಕೆಳಗೆ ಬಾಗುವ ಭಾಗ), ಬಾಗಿಲುಗಳು ಹೇಗಿರಬೇಕು?

ಸ್ಪಿಟ್‌ಫೈರಿನ ಫ್ಲ್ಯಾಪ್ ಇಳಿದ ಮೇಲೆ ಮುಚ್ಚಿರುವುದೇ ವಾಡಿಕೆ. ಮಸ್ಟಾಂಗ್ ನಿಂತಾಗ ಹೈಡ್ರಾಲಿಕ್ ಒತ್ತಡ ಇಳಿದು ಫ್ಲ್ಯಾಪ್‌ಗಳು, ಗಾಲಿಯ ಒಳಬಾಗಿಲುಗಳು ಜೋತು ಬೀಳುತ್ತಿದ್ದವು. ಪ್ರೊಪೆಲರ್ ಅಲಗುಗಳು ಬಿಡಿಯಾಗಿ ಬಂದಿದ್ದರೆ ತಿರುವು ಪರೀಕ್ಷಿಸಿ: ಮರ್ಲಿನ್ ಎಂಜಿನ್ನಿನ ಸ್ಪಿಟ್‌ಫೈರ್‌ನದು ಪೈಲಟ್ ಕಣ್ಣಿಗೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ, ಗ್ರಿಫನ್ನಿನದು ಅದಕ್ಕೆ ವಿರುದ್ಧ.

ಮೊದಲ ಮಹಾಯುದ್ಧದ ವಿಮಾನಗಳ ರೆಕ್ಕೆಗಳನ್ನು ಬಿಗಿದ ತಂತಿಗಳು ಭಯ ಹುಟ್ಟಿಸುತ್ತವೆ.

ಜರ್ಮನಿಯ ಫೊಕರ್ ಡಿಆರ್ 1ರಿಂದ ಶುರುಮಾಡಿ. ಮೂರು ರೆಕ್ಕೆಯಿದ್ದರೂ ಅದಕ್ಕೆ ತಂತಿ ತೀರಾ ಕಡಿಮೆ. ಬ್ರಿಟನ್ನಿನ ಎರಡು ಜೋಡಿ ರೆಕ್ಕೆಯ ಕ್ಯಾಮೆಲ್‌ನಂಥದಕ್ಕೆ ಹೋದಾಗ ಜೋಡಿಸುವ ಮೊದಲೇ ರಂಧ್ರ ಕೊರೆದುಕೊಳ್ಳಿ, ಬಣ್ಣ ಪೂರ್ತಿ ಮುಗಿಸಿ, ಹಿಗ್ಗುವ ತೆಳು ದಾರ ಬಳಸಿ. ಕೈ ತಾಗಿದರೂ ಅದು ತನ್ನ ಬಿಗಿಗೆ ಮರಳುತ್ತದೆ.

ಆರೋಗ್ಯಕ್ಕೆ ಅಪಾಯವಿದೆಯೇ?

ಇದೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಲ್ಯಾಕರ್ ಮತ್ತು ತಿನ್ನರ್ ಆವಿಗೆ ಬಟ್ಟೆಯ ಮಾಸ್ಕ್ ತಡೆಯಲ್ಲ. ಇದ್ದಿಲಿನ ಫಿಲ್ಟರ್ ಇರುವ ಮಾಸ್ಕ್, ಹೊರಗೆ ಗಾಳಿ ತಳ್ಳುವ ಫ್ಯಾನ್ ಎರಡೂ ಬೇಕು. ಅಕ್ರಿಲಿಕ್ ಆದರೂ ಸಿಂಪಡಿಸುವಾಗ ಮಾಸ್ಕ್ ಹಾಕಿ. ರೆಸಿನ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಯಾವಾಗಲೂ ನೀರಿನಲ್ಲೇ ಉಜ್ಜಿ. ಚಾಕು ಕೆಳಗೆ ಬಿದ್ದರೆ ಹಿಡಿಯಲು ಹೋಗಬೇಡಿ.

ಯುದ್ಧವಿಮಾನ ಕಟ್ಟುವುದು ಯುದ್ಧವನ್ನು ಹೊಗಳಿದಂತೆ ಅಲ್ಲವೇ?

ಈ ಪ್ರಶ್ನೆಯನ್ನು ಮನೆಯವರೇ ಕೇಳಿದ್ದಾರೆ, ಕೇಳಬೇಕಾದದ್ದೇ. 1/72ರ ಲ್ಯಾಂಕಾಸ್ಟರ್ ಕಟ್ಟುವಾಗ ಏಳು ಜನರ ಜಾಗಗಳಿಗೂ ಬಣ್ಣ ಹಚ್ಚಬೇಕು. ಬಾಲದ ಗೋಪುರದಲ್ಲಿ ಒಬ್ಬ ಗನ್ನರ್ ಇಡೀ ರಾತ್ರಿ ಒಂಟಿಯಾಗಿ ಚಳಿಯಲ್ಲಿ ಕೂರುತ್ತಿದ್ದ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಅವರು ಹೊತ್ತೊಯ್ದ ಬಾಂಬುಗಳ ಕೆಳಗೆ 1943ರಲ್ಲಿ ಹ್ಯಾಂಬರ್ಗ್, 1945ರಲ್ಲಿ ಡ್ರೆಸ್ಡೆನ್ ಇದ್ದವು. ಬಾಂಬ್ ಬಾಗಿಲುಗಳನ್ನು ಅಂಟಿಸುವಾಗ ಎರಡೂ ನೆನಪಾಗುತ್ತವೆ. ಮಾದರಿಯ ಪಕ್ಕದಲ್ಲಿ ಆ ವಿಮಾನದ ಕ್ರಮಸಂಖ್ಯೆ, ಸಿಬ್ಬಂದಿಯ ಹೆಸರು, ಅದಕ್ಕೆ ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ.

ಮುಗಿದ ಮಾದರಿಯನ್ನು ಕಾಪಾಡುವುದು ಹೇಗೆ?

ಗಾಜಿನ ಕಪಾಟು, ನೇರ ಬಿಸಿಲು ಬೀಳದ ಗೋಡೆ. ಬಿಸಿಲಿಗೆ ಬಣ್ಣ, ಅದರಲ್ಲೂ ಕೆಂಪು, ಮಾಸುತ್ತದೆ. ಧೂಳು ಕೂತರೆ ಬಟ್ಟೆಯಿಂದ ಒರೆಸಬೇಡಿ, ಆಂಟೆನಾ ತಂತಿ ಸಿಕ್ಕಿ ಕಿತ್ತುಬರುತ್ತದೆ. ಮೇಕಪ್‌ಗೆ ಬಳಸುವ ಅಗಲವಾದ ಮೆತ್ತನೆ ಬ್ರಷ್ಷಿನಿಂದ ಮೂಗಿನಿಂದ ಬಾಲದ ಕಡೆಗೆ ಸವರಿ. ಎತ್ತುವಾಗ ರೆಕ್ಕೆ ಹಿಡಿಯದೆ, ರೆಕ್ಕೆಯ ಬುಡದಲ್ಲಿ ಒಡಲಿನಡಿ ಬೆರಳು ಕೊಟ್ಟು ಎತ್ತಿ.